ಒಂದು ಹಾಳೆಯ ನಿಘಂಟು



ಹಿಂದಿನ ಬೇಸಿಗೆ ರಜೆಯಲ್ಲಿ ನನ್ನ ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ಹತ್ತು ವರ್ಷದ ಹುಡುಗಿ. ಬಂದ ಮಾರನೆಯ ದಿನವೇ ಕಿವಿಯ ಹತ್ತಿರ ಬಂದು, "ನಾನೊಂದು ಹೊಸ ಭಾಷೆ ಮಾಡ್ತಿದ್ದೀನಿ, ಯಾರಿಗೂ ಹೇಳ್ಬೇಡ" ಎಂದಳು. ನಮ್ಮ ಕಾಲದಲ್ಲಿ ಗುಟ್ಟು ಮಾತಾಡುವುದಕ್ಕೆ 'ಕ' ಭಾಷೆ ಸಾಕಾಗಿತ್ತು. ಪ್ರತಿ ಅಕ್ಷರಕ್ಕೂ ಮುಂಚೆ ಒಂದು 'ಕ' ಸೇರಿಸಿ "ಕನೀಕನು ಕಬಾ" ಎಂದರೆ ದೊಡ್ಡವರಿಗೆ ತಿಳಿಯುವುದಿಲ್ಲ ಎಂದು ನಂಬಿದ್ದೆವು. ತಿಳಿಯುತ್ತಿತ್ತು, ಅವರೂ ಚಿಕ್ಕಂದಿನಲ್ಲಿ ಅದನ್ನೇ ಆಡಿ ಬಂದವರು. ನಾನು ಅದನ್ನು ಹೇಳಿಕೊಟ್ಟರೆ ಹುಡುಗಿ ಮೂಗು ಮುರಿದಳು. "ಅದು ಕನ್ನಡಾನೇ ಅಲ್ವಾ?" ಎಂದಳು. ಸರಿಯಾದ ಮಾತು.

ಅವಳ ಬಳಿ ಒಂದು ಗೆರೆ ಪುಸ್ತಕವಿತ್ತು. ಎಡಗಡೆ ಕನ್ನಡ, ಬಲಗಡೆ ಹೊಸ ಭಾಷೆ. ನೀರಿಗೆ 'ಟುಪಿ', ಅಮ್ಮನಿಗೆ 'ಜೋ', ಅನ್ನಕ್ಕೆ 'ಮಿಕ್ಕು'. ಮೂರು ದಿನದಲ್ಲಿ ನಲವತ್ತು ಪದ ಆದವು. ನಾಲ್ಕನೆಯ ದಿನ ಹಿತ್ತಲಲ್ಲಿ ಹಲಸಿನ ಹಣ್ಣು ಕೊಯ್ದೆವು. ಅಲ್ಲಿಗೆ ಅವಳ ಭಾಷೆ ಕುಸಿಯಿತು. ಹಲಸಿಗೆ ಒಂದು ಪದವೇನೋ ಸಿಕ್ಕಿತು, ಸೊಳೆಗೆ? ಮೇಣಕ್ಕೆ? ಬೀಜಕ್ಕೆ, ಮುಳ್ಳಿಗೆ, ಕೈಗೆ ಹಚ್ಚಿಕೊಳ್ಳುವ ಎಣ್ಣೆಗೆ? ಪುಸ್ತಕ ತೆಗೆದುಕೊಂಡು ಬಂದು ಕೂತವಳು ಸ್ವಲ್ಪ ಹೊತ್ತಿಗೆ "ತುಂಬಾ ಪದ ಇದೆ" ಎಂದು ಅದನ್ನು ಮುಚ್ಚಿಟ್ಟು ಸೊಳೆ ತಿನ್ನಲು ಹೋದಳು. ಸಂಜೆ 'ಟುಪಿ' ಎಂದರೇನು ಎಂದು ಕೇಳಿದೆ. ಅವಳಿಗೇ ನೆನಪಿರಲಿಲ್ಲ.

ಇದೇ ದಣಿವು, ಇದೇ ಮರೆವು 1870ರ ದಶಕದಲ್ಲಿ ವಾರ್ಸಾ ನಗರದ ಒಬ್ಬ ಶಾಲಾ ಹುಡುಗನಿಗೂ ಆಗಿತ್ತು. ಅವನು ಪುಸ್ತಕ ಮುಚ್ಚಲಿಲ್ಲ, ಅಷ್ಟೇ ವ್ಯತ್ಯಾಸ. ಹೆಸರು ಲುಡ್ವಿಕ್ ಝಾಮೆನ್‌ಹಾಫ್. ಹುಟ್ಟಿದ್ದು 1859ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಬಿಯಾಲಿಸ್ಟಾಕ್ ಎಂಬ ಊರಿನಲ್ಲಿ. ಆ ಊರಿನ ಬೀದಿಯಲ್ಲಿ ರಷ್ಯನ್, ಪೋಲಿಷ್, ಜರ್ಮನ್, ಯಿಡ್ಡಿಷ್ ನಾಲ್ಕೂ ಕೇಳುತ್ತಿದ್ದವು, ನಾಲ್ಕೂ ಒಂದನ್ನೊಂದು ಬೈದುಕೊಳ್ಳುತ್ತಿದ್ದವು. ಯಾರದ್ದೂ ಅಲ್ಲದ ಒಂದು ಭಾಷೆ ಇದ್ದರೆ ಜಗಳ ಕಡಿಮೆಯಾದೀತು ಎಂದು ಆ ಯಹೂದಿ ಹುಡುಗನಿಗೆ ಅನ್ನಿಸಿತು. ಜಗಳಕ್ಕೂ ಭಾಷೆಗೂ ಅಷ್ಟು ನೇರ ಸಂಬಂಧವಿದೆಯೇ ಎಂದು ನೀವು ಕೇಳಬಹುದು. ಒಂದೇ ಭಾಷೆ ಆಡುವ ಅಣ್ಣತಮ್ಮಂದಿರ ಗದ್ದೆ ಬದುವಿನ ಜಗಳ ನೋಡಿದ ನಾನೂ ಕೇಳಿದ್ದೇನೆ. ಆದರೆ ಇವತ್ತಿನ ನನ್ನ ವಿಷಯ ಅದಲ್ಲ. ಅವನು ಪದಗಳನ್ನು ಹೇಗೆ ಹುಟ್ಟಿಸಿದ ಎಂಬುದು ವಿಷಯ. ಸರಿಯಾಗಿ ಹೇಳುವುದಾದರೆ, ಎಷ್ಟು ಪದಗಳನ್ನು ಹುಟ್ಟಿಸದೆ ಬಿಟ್ಟ ಎಂಬುದು.

ಮೊದಲು ಅವನು ಮಾಡಿದ್ದು ಲೆಕ್ಕದ ಮೇಷ್ಟರು ಮಾಡುವಂಥ ಕೆಲಸ. ಪದ ಚಿಕ್ಕದಾಗಿದ್ದಷ್ಟೂ ಉಳಿತಾಯ ತಾನೆ? ಅಕ್ಷರಗಳನ್ನು ಸಾಲಾಗಿ ಜೋಡಿಸುತ್ತಾ ಹೋಗುವುದು: ಅ, ಅಬ್, ಅಚ್, ಅದ್, ಆಮೇಲೆ ಬ, ಚ, ದ, ಆಮೇಲೆ ಅಬಾ, ಅಚಾ. ಒಂದೊಂದಕ್ಕೂ ಒಂದೊಂದು ಅರ್ಥ ಹಂಚಿಬಿಡುವುದು. ಕಾಗದದ ಮೇಲೆ ಇದಕ್ಕಿಂತ ಚೊಕ್ಕವಾದ ಭಾಷೆ ಇನ್ನೊಂದಿಲ್ಲ. ಆದರೆ ತಾನೇ ಕಲಿಯಲು ಕೂತಾಗ ಒಂದೂ ತಲೆಯಲ್ಲಿ ನಿಲ್ಲಲಿಲ್ಲ ಎಂದು ಅವರೇ ಮುಂದೆ ಗೆಳೆಯ ಬೊರೊವ್ಕೊನಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಟುಪಿಯ ಕತೆಯೇ. ಹುಡುಗ ಆ ಹಾಳೆಗಳನ್ನು ಬದಿಗೆ ಸರಿಸಿದ.

ಎರಡು ಶತಮಾನ ಹಿಂದೆ ಇದಕ್ಕಿಂತ ದೊಡ್ಡ ತಲೆಯೊಂದು ಇದೇ ಹಳ್ಳಕ್ಕೆ ಬಿದ್ದಿತ್ತು. ಇಂಗ್ಲೆಂಡಿನ ಬಿಷಪ್ ಜಾನ್ ವಿಲ್ಕಿನ್ಸ್, ರಾಯಲ್ ಸೊಸೈಟಿ ಕಟ್ಟಿದವರಲ್ಲಿ ಒಬ್ಬರು, 1668ರಲ್ಲಿ ಒಂದು ತತ್ತ್ವಭಾಷೆಯನ್ನು ಪ್ರಕಟಿಸಿದರು. ಜಗತ್ತಿನ ಎಲ್ಲ ವಸ್ತುಗಳನ್ನು 40 ವರ್ಗಗಳಾಗಿ ವಿಂಗಡಿಸಿ, ವರ್ಗಕ್ಕೆ ಎರಡು ಅಕ್ಷರ, ಒಳವರ್ಗಕ್ಕೆ ಮತ್ತೊಂದು, ಅದರೊಳಗಿನದಕ್ಕೆ ಇನ್ನೊಂದು. 'ದೆ' ಎಂದರೆ ಮೂಲಭೂತ, 'ದೆಬ್' ಎಂದರೆ ಬೆಂಕಿ, 'ದೆಬಾ' ಎಂದರೆ ಜ್ವಾಲೆ. ಪದ ಕೇಳಿದರೆ ಸಾಕು, ವಸ್ತು ಯಾವ ಜಾತಿಯದೆಂದು ಗೊತ್ತಾಗಬೇಕು. ಪೋಸ್ಟಿನವರ ಪಿನ್‌ಕೋಡ್ ಇದ್ದ ಹಾಗೆ. ತೊಂದರೆಯೂ ಪಿನ್‌ಕೋಡಿನದೇ: ಒಂದು ಅಂಕಿ ತಪ್ಪಿದರೆ ಕಾಗದ ಪಕ್ಕದ ತಾಲ್ಲೂಕಿಗೆ. ಸಹಜ ಭಾಷೆಯಲ್ಲಿ ಹತ್ತಿರದ ವಸ್ತುಗಳಿಗೆ ದೂರದ ಹೆಸರುಗಳಿರುತ್ತವೆ. ರಾಗಿ, ಭತ್ತ, ಜೋಳ: ಒಂದಕ್ಕೊಂದು ಹೋಲುವುದಿಲ್ಲ, ಆದ್ದರಿಂದ ಸಂತೆಯ ಗದ್ದಲದಲ್ಲೂ ಕಲಸಿಹೋಗುವುದಿಲ್ಲ. ವಿಲ್ಕಿನ್ಸರ ಭಾಷೆಯಲ್ಲಿ ಅಕ್ಕಪಕ್ಕದವೆಲ್ಲ ಅವಳಿಜವಳಿ. ಬಾರ್ಲಿಗೆ 'ಗಾದೆ', ಟುಲಿಪ್ ಹೂವಿಗೆ 'ಗಾಪೆ'. ಒಂದು ಕಡೆ ಸ್ವತಃ ವಿಲ್ಕಿನ್ಸರೇ ಟುಲಿಪ್ ಎಂದು ಬರೆಯಲು ಹೋಗಿ ಬಾರ್ಲಿ ಎಂದು ಬರೆದಿರುವುದನ್ನು ಉಂಬರ್ತೊ ಎಕೊ ತೋರಿಸಿಕೊಟ್ಟಿದ್ದಾರೆ.

ಇನ್ನೊಂದು ಜಾತಿಯ ಉಪಾಯವಿದೆ, ಪದವನ್ನು ತಿರುಗಿಸಿ ವಿರುದ್ಧಾರ್ಥ ಪಡೆಯುವುದು. ಫ್ರಾನ್ಸಿನ ಸಂಗೀತದ ಮೇಷ್ಟರು ಸುದ್ರ್ ಎಂಬವರು ಸಪ್ತಸ್ವರಗಳಿಂದಲೇ 'ಸೊಲ್ರೆಸೊಲ್' ಭಾಷೆ ಕಟ್ಟಿದರು. ಅದರಲ್ಲಿ 'ದೊಮಿಸೊಲ್' ದೇವರು, 'ಸೊಲ್ಮಿದೊ' ಸೈತಾನ. ನಮ್ಮ ಕಾಲಕ್ಕೆ ಬಂದರೆ 2015ರ 'ಬಾಹುಬಲಿ' ಸಿನಿಮಾದ ಕಾಲಕೇಯರಿಗಾಗಿ ಮದನ್ ಕಾರ್ಕಿ ಕಟ್ಟಿದ 'ಕಿಲಿಕಿ'ಯಲ್ಲೂ ಈ ತಿರುಗುಮುರುಗು ಇದೆ. 'ಮಿನ್' ಎಂದರೆ ನಾನು, 'ನಿಮ್' ಎಂದರೆ ನೀನು. ಕನ್ನಡದ ಕಿವಿಗೆ ಆ 'ನಿಮ್' ಹೊಸದಾಗಿ ಕೇಳುವುದೇ ಇಲ್ಲ. ನಾಲ್ಕು ಅಕ್ಷರದೊಳಗಿನ ಪದಕ್ಕೆ ಇದು ಮಜವಾಗಿ ಕೆಲಸ ಮಾಡುತ್ತದೆ. ಉದ್ದದ ಪದವನ್ನು ಬಾಯಲ್ಲಿ ತಿರುಗಿಸುವುದು ಮಾತ್ರ ಅವಧಾನಿಗಳಿಗೆ ಬಿಡಬೇಕಾದ ಕೆಲಸ.

ಅಂದ ಹಾಗೆ ಈ 'ನಿಮ್' ಇನ್ನೊಂದು ಭಾಷೆಯಲ್ಲೂ ಇದೆ. ಝಾಮೆನ್‌ಹಾಫ್ ಕೆಲಸ ಮಾಡುತ್ತಿದ್ದ ಕಾಲಕ್ಕೇ ಜರ್ಮನಿಯಲ್ಲಿ ಶ್ಲಾಯರ್ ಎಂಬ ಪಾದ್ರಿ 'ವೊಲಾಪ್ಯೂಕ್' ಎಂಬ ಭಾಷೆ ತಂದರು. ಅದರಲ್ಲಿ 'ನಿಮ್' ಎಂದರೆ ಪ್ರಾಣಿ. 'ಅನಿಮಲ್' ಎಂಬ ಪದದ ತಲೆ ಬಾಲ ಎರಡನ್ನೂ ಕತ್ತರಿಸಿ ಉಳಿಸಿಕೊಂಡ ನಡು! ಇಂಗ್ಲಿಷಿನ 'ವರ್ಲ್ಡ್' ಅಲ್ಲಿ 'ವೊಲ್', 'ಸ್ಪೀಕ್' ಅಲ್ಲಿ 'ಪ್ಯೂಕ್'. ಪದಗಳನ್ನು ಎಲ್ಲರೂ ಬಲ್ಲ ಭಾಷೆಗಳಿಂದಲೇ ತಂದರು, ಆದರೆ ಯಾರೂ ಗುರುತಿಸದ ಹಾಗೆ ಬೋಳಿಸಿ ತಂದರು. ಊರ ಜನ ಕಾಣಿಕೆ ಕೊಟ್ಟ ಹಸುವನ್ನೇ ಬಣ್ಣ ಬಳಿದು ಅವರಿಗೇ ಮಾರಿದಂತೆ.

ಝಾಮೆನ್‌ಹಾಫ್‌ಗೆ ದಾರಿ ಸಿಕ್ಕಿದ್ದು ಅಂಗಡಿಯ ಬೋರ್ಡಿನಲ್ಲಿ. ಪ್ರೌಢಶಾಲೆಯಲ್ಲಿದ್ದಾಗ ದಿನವೂ ಕಾಣುತ್ತಿದ್ದ ಒಂದು ರಷ್ಯನ್ ಫಲಕ, 'ಶ್ವೆಯ್‌ತ್ಸಾರ್‌ಸ್ಕಾಯಾ'. ಶ್ವೆಯ್‌ತ್ಸಾರ್ ಎಂದರೆ ಬಾಗಿಲು ಕಾಯುವವನು. ಅದು ಅವನ ಕೋಣೆ. ಇನ್ನೊಂದು ದಿನ ಇನ್ನೊಂದು ಫಲಕ, 'ಕಾಂದೀತೆರ್‌ಸ್ಕಾಯಾ', ಮಿಠಾಯಿ ಅಂಗಡಿ. ಈ 'ಸ್ಕಾಯಾ' ಎರಡೂ ಕಡೆ ಯಾಕಿದೆ? ಒಂದು ಬಾಲ ಕಲಿತರೆ, ಕಲಿಯಬೇಕಾದ ಎಷ್ಟೋ ಪದಗಳು ತಾವಾಗಿಯೇ ಕೈಗೆ ಬರುತ್ತವಲ್ಲ! ಅಷ್ಟು ದಿನ ಹೆದರಿಸುತ್ತಿದ್ದ ದಪ್ಪ ದಪ್ಪ ನಿಘಂಟುಗಳು ಕಣ್ಣೆದುರೇ ಕರಗಿದ ಹಾಗಾಯಿತು ಎಂದು ಅದೇ ಪತ್ರದಲ್ಲಿ ಬರೆದಿದ್ದಾರೆ.

ನಮಗೆ ಇದು ಹೊಸದಲ್ಲ. ನಮ್ಮ ಊರಿನ ಬೋರ್ಡುಗಳನ್ನು ಓದುತ್ತಾ ಹೋಗಿ: ಗ್ರಂಥಾಲಯ, ಔಷಧಾಲಯ, ವಿದ್ಯಾಲಯ, ಶೌಚಾಲಯ. ಆದರೆ ನಮ್ಮ 'ಆಲಯ' ಎಲ್ಲರ ಮನೆಗೂ ಹೋಗುವುದಿಲ್ಲ. ಮಲಗುವ ಕೋಣೆಗೆ ನಿದ್ರಾಲಯ ಎಂದರೆ ನಗುತ್ತಾರೆ. ಹಾಡುಗಾರ ಇದ್ದಾನೆ, ಬರಹಗಾರ ಇದ್ದಾನೆ. ಈಗ ರೇಡಿಯೋ ಮುಂದೆ ಕೂತಿರುವ ನಿಮ್ಮನ್ನು ನಾನು ಕೇಳುಗಾರರೇ ಎಂದು ಕರೆದಿದ್ದರೆ ಸ್ಟೇಷನ್ನಿಗೆ ಪತ್ರ ಬರುತ್ತಿತ್ತು. ನೀವು ಕೇಳುಗರು. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ, ರೂಢಿ. ಮಕ್ಕಳು ಮಾತು ಕಲಿಯುವಾಗ ಇಂಥ ಪದಗಳನ್ನು ಧಾರಾಳವಾಗಿ ಕಟ್ಟುತ್ತವೆ. ನಾವು ನಕ್ಕು, ತಿದ್ದಿ, ನಿಲ್ಲಿಸುತ್ತೇವೆ. ಝಾಮೆನ್‌ಹಾಫ್ ಮಾಡಿದ್ದು ಇಷ್ಟೇ: ತಿದ್ದುವುದನ್ನು ನಿಲ್ಲಿಸಿದರು. ಮಗುವಿನ ತಪ್ಪು ಅವರ ಭಾಷೆಯಲ್ಲಿ ವ್ಯಾಕರಣ.

ಒಂದು ಪದವನ್ನು ಬಿಚ್ಚಿ ನೋಡೋಣ. 'ಸಾನಾ' ಎಂದರೆ ಆರೋಗ್ಯವಾಗಿರುವ. 'ಮಲ್' ಎಂಬುದು ಯಾವ ಪದದ ಮುಂದೆ ಕೂತರೂ ಅದನ್ನು ತಲೆಕೆಳಗು ಮಾಡುತ್ತದೆ; 'ಮಲ್‌ಸಾನಾ' ಎಂದರೆ ಕಾಯಿಲೆಯ. 'ಉಲ್' ಸೇರಿದರೆ ಅಂಥ ಮನುಷ್ಯ: 'ಮಲ್‌ಸಾನೂಲೊ', ರೋಗಿ. 'ಎಯ್' ಸೇರಿದರೆ ಅವರಿರುವ ಜಾಗ: 'ಮಲ್‌ಸಾನುಲೇಯೊ', ಆಸ್ಪತ್ರೆ. ಕೊನೆಯ 'ಒ' ನಾಮಪದದ ಗುರುತು. ಬೇರು ಒಂದೇ, 'ಸಾನ್'. ಇದೇ 'ಎಯ್' ಕಲಿಯುವುದಕ್ಕೆ ಸೇರಿದರೆ ಶಾಲೆ, ಮಲಗುವುದಕ್ಕೆ ಸೇರಿದರೆ ಮಲಗುವ ಕೋಣೆ, ಬೇಯಿಸುವುದಕ್ಕೆ ಸೇರಿದರೆ ಅಡುಗೆಮನೆ. ಅಳುವುದಕ್ಕೆ ಸೇರಿಸಿ 'ಪ್ಲೊರೇಯೊ' ಎಂದೂ ಹೇಳಬಹುದು, ಅಳುವ ಜಾಗ. ಯಾರ ಅಪ್ಪಣೆಯೂ ಬೇಡ. ಕೇಳಿದವನಿಗೆ ಅರ್ಥವಾಗುತ್ತದೆ. 'ವೋರ್ತೊ' ಪದ, 'ವೊರ್ತಾರೊ' ಪದಗಳ ಗುಂಪು, ಅಂದರೆ ನಿಘಂಟು. 'ಕಾತೊ' ಬೆಕ್ಕು, 'ಕತೀದೊ' ಬೆಕ್ಕಿನ ಮರಿ.

ಇನ್ನೂ ಒಂದು ಚೆಲುವಿದೆ. ಆ ಪ್ರತ್ಯಯಗಳೂ ಒಂಟಿಯಾಗಿ ಓಡಾಡಬಲ್ಲವು. ಕನ್ನಡದಲ್ಲಿ "ಗಾರ ಬಂದ" ಎನ್ನಲಾಗುವುದಿಲ್ಲ. ಅಲ್ಲಿ 'ಉಲೊ' ಎಂದರೆ ಆಸಾಮಿ, 'ಇಲೊ' ಎಂದರೆ ಸಲಕರಣೆ, 'ಎಯೊ' ಎಂದರೆ ಜಾಗ. ಬಾಲವೇ ಎದ್ದು ನಡೆದಾಡುವ ವಿಚಿತ್ರ ಭಾಷೆ. ಯುರೋಪಿನವರಿಗೆ ಇದರ ಪದಗಳು ಪರಿಚಿತ, ಕಟ್ಟಡ ಅಪರಿಚಿತ. ನಮಗೆ ತಿರುವುಮುರುವು. 'ಮರಗಳನ್ನು' ಎಂಬುದನ್ನು ನಾವು ಮರ, ಗಳು, ಅನ್ನು ಎಂದು ಮೂರು ತುಂಡಾಗಿ ಪೋಣಿಸುತ್ತೇವೆ. ಅವರದು 'ಆರ್ಬೊಯ್ನ್': ಆರ್ಬೊ ಮರ, 'ಯ್' ಬಹುವಚನ, 'ನ್' ದ್ವಿತೀಯಾ ವಿಭಕ್ತಿ. ಅದೇ ಕ್ರಮ, ಅದೇ ಪೋಣಿಕೆ. ಪ್ರೈಮರಿ ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಉರುಹೊಡೆದವರಿಗೆ ಇದು ಬಂಧುಗಳ ಮನೆ.

ಬೇರುಗಳನ್ನು ಮಾತ್ರ ಅವರು ಹುಟ್ಟಿಸಲೇ ಇಲ್ಲ, ಎರವಲು ತಂದರು. ಬಹುಪಾಲು ಲ್ಯಾಟಿನ್ ಮತ್ತು ಅದರ ಮಕ್ಕಳಿಂದ, ಉಳಿದದ್ದು ಜರ್ಮನ್, ಇಂಗ್ಲಿಷ್, ಸ್ಲಾವ್ ಭಾಷೆಗಳಿಂದ. ನಾಯಿಗೆ ಜರ್ಮನ್ನಿನ 'ಹುಂದೊ', ಹಕ್ಕಿಗೆ ಇಂಗ್ಲಿಷಿನ 'ಬಿರ್ದೊ', 'ಮತ್ತು' ಎನ್ನುವುದಕ್ಕೆ ಗ್ರೀಕಿನ 'ಕಾಯ್'. ಬೋಳಿಸದೆ, ಮುಖ ಕಾಣುವ ಹಾಗೆ. ಏಷ್ಯಾದವರಿಗೆ ಇದರಲ್ಲಿ ಪಾಲಿಲ್ಲ ಎಂಬ ದೂರು ಹಳೆಯದು, ನ್ಯಾಯವಾದದ್ದು ಕೂಡ.

ಅಷ್ಟರಲ್ಲಿ ಹುಡುಗ ಕಣ್ಣಿನ ಡಾಕ್ಟರಾಗಿದ್ದ. 1887ರ ಜುಲೈನಲ್ಲಿ, ಭಾವೀ ಮಾವ ಕೊಟ್ಟ ಹಣದಲ್ಲಿ, ವಾರ್ಸಾದಲ್ಲಿ ರಷ್ಯನ್ ಭಾಷೆಯಲ್ಲಿ ಒಂದು ತೆಳ್ಳನೆಯ ಪುಸ್ತಕ ಅಚ್ಚಾಯಿತು. ಲೇಖಕರ ಹೆಸರು 'ಡಾಕ್ಟರ್ ಎಸ್ಪೆರಾಂಟೊ', ಭರವಸೆ ಇಟ್ಟುಕೊಂಡವನು ಎಂದರ್ಥ. ಬರೆದವನ ಕಾವ್ಯನಾಮವೇ ಮುಂದೆ ಭಾಷೆಯ ಹೆಸರಾಯಿತು. ಒಳಗೆ 16 ವ್ಯಾಕರಣ ನಿಯಮಗಳು. ಮತ್ತು ಒಂದು ಹಾಳೆಯ ನಿಘಂಟು, ಸುಮಾರು 900 ಬೇರುಗಳು. ಈ ಹಾಳೆಯನ್ನು ಕಾಗದದ ಜೊತೆ ಲಕೋಟೆಗೆ ಹಾಕಿ ಕಳಿಸಿದರೆ ಭಾಷೆ ಗೊತ್ತಿಲ್ಲದವನೂ ತುಂಡು ತುಂಡಾಗಿ ಬಿಡಿಸಿ ಓದಬಹುದೆಂಬುದು ಡಾಕ್ಟರರ ಲೆಕ್ಕ. ಅದಕ್ಕಾಗಿಯೇ ಮಾದರಿಯ ಪಾಠಗಳಲ್ಲಿ ಪದದ ತುಂಡುಗಳ ನಡುವೆ ಗುರುತು ಹಾಕಿ ಅಚ್ಚು ಮಾಡಿಸಿದ್ದರು. ಪುಸ್ತಕದಲ್ಲೇ ಕತ್ತರಿಸಿ ಕಳಿಸುವ ಚೀಟಿಗಳಿದ್ದವು: ಒಂದು ಕೋಟಿ ಜನ ಕಲಿಯುತ್ತೇವೆಂದು ಮಾತು ಕೊಟ್ಟರೆ ನಾನೂ ಕಲಿಯುತ್ತೇನೆ ಎಂಬ ಮುಚ್ಚಳಿಕೆ. ಕೋಟಿ ಚೀಟಿ ಬರಲಿಲ್ಲ. ಆದರೆ ಅದೇ ಪುಸ್ತಕದಲ್ಲಿ ಅವರು ಇನ್ನೊಂದು ಮಾತು ಹಾಕಿದ್ದರು. ಭಾಷೆಯ ಮೇಲಿನ ಹಕ್ಕನ್ನು ತಾನು ಬಿಟ್ಟುಕೊಟ್ಟಿದ್ದೇನೆ, ಇನ್ನು ಇದು ಎಲ್ಲರದು, ಎಂದು. ವೊಲಾಪ್ಯೂಕಿನ ಪಾದ್ರಿ ಕೊನೆಯವರೆಗೂ ಭಾಷೆಯ ಬೀಗದ ಕೈಯನ್ನು ಸೊಂಟದಲ್ಲೇ ಇಟ್ಟುಕೊಂಡಿದ್ದರು; ಅನುಯಾಯಿಗಳು ಜಗಳವಾಡಿ ಚದುರಿಹೋದರು.

ಎಲ್ಲವೂ ಇಷ್ಟು ಸಲೀಸೆಂದು ಭಾವಿಸಬೇಡಿ. ಉಳಿತಾಯಕ್ಕೆ ಬಲಿಯಾದವರೂ ಇದ್ದಾರೆ. ತಂದೆಗೆ 'ಪಾತ್ರೊ' ಎಂಬ ಬೇರಿದೆ. ತಾಯಿಗೆ ಬೇರಿಲ್ಲ, ತಂದೆಗೆ ಸ್ತ್ರೀಲಿಂಗದ 'ಇನ್' ಸೇರಿಸಿ 'ಪಾತ್ರೀನೊ'. ಜಗತ್ತಿನ ಯಾವ ಮಗುವೂ ಕಟ್ಟದ ಪದ ಇದು. ಮಕ್ಕಳ ಬಾಯಲ್ಲಿ ಮೊದಲು ಬರುವುದು ಅಮ್ಮ ತಾನೆ! ಒಂದು ಕಡೆ ಸೇಡು ತೀರಿದೆ. ಹೆಂಡತಿ 'ಎಡ್ಜೀನೊ', ಗಂಡ 'ಎಡ್ಜೊ'. ಜರ್ಮನ್ನಿನ ರಾಜಕುಮಾರಿ ಎಂಬರ್ಥದ ಪದದ ಬಾಲದಿಂದ ಮೊದಲು ಹುಟ್ಟಿದ್ದು ಹೆಂಡತಿ. ಅವಳಿಂದ 'ಇನ್' ಕಳೆದು ಗಂಡನನ್ನು ತೆಗೆದರು ಎಂದು ವ್ಯುತ್ಪತ್ತಿ ಬಲ್ಲವರು ಬರೆಯುತ್ತಾರೆ.

ನಿಯಮದಿಂದ ಹೊರಗುಳಿಯುವ ಪದಗಳೂ ಇರುತ್ತವಲ್ಲ, ಅವಕ್ಕೆ ಡಾಕ್ಟರು ಒಂದು ಕಿಲಾಡಿ ಮದ್ದು ಇಟ್ಟಿದ್ದರು. 'ಉಮ್' ಎಂಬ ಪ್ರತ್ಯಯ. ಅದರ ಅರ್ಥ? ಇಂಥದ್ದೇ ಎಂದಿಲ್ಲ. ಯಾವ ಪ್ರತ್ಯಯವೂ ಒಗ್ಗದಾಗ ಅದನ್ನು ಹಾಕುವುದು, ಅರ್ಥವನ್ನು ಬಳಕೆಗೆ ಬಿಡುವುದು. 'ಕೋಲೊ' ಕುತ್ತಿಗೆ, 'ಕೊಲೂಮೊ' ಅಂಗಿಯ ಕಾಲರು. 'ಮಲ್‌ವಾರ್ಮಾ' ತಣ್ಣಗಿರುವ, 'ಮಲ್‌ವರ್ಮೂಮಿ' ಎಂದರೆ ನೆಗಡಿಯಾಗುವುದು. ತಣ್ಣಗಿರುವುದಕ್ಕೂ ನೆಗಡಿಗೂ ನಾವು ಶೀತ ಎಂಬ ಒಂದೇ ಪದದಲ್ಲಿ ಕೆಲಸ ನಡೆಸುತ್ತೇವೆ, ಅವರು ನಡುವೆ ಒಂದು 'ಉಮ್' ಇಟ್ಟಿದ್ದಾರೆ. ನನ್ನ ಮಟ್ಟಿಗೆ ಇಡೀ ಭಾಷೆಯಲ್ಲಿ ಅತ್ಯಂತ ಬುದ್ಧಿವಂತ ತುಣುಕು ಇದೇ. ನಿಯಮ ಕಟ್ಟುವವರು ತಮ್ಮ ನಿಯಮಕ್ಕೆ ಒಂದು ಕಿಂಡಿ ಬಿಡುವುದು ಅಪರೂಪ.

ಕವಿಗಳಿಗೆ ಮಾತ್ರ ಈ ಮಿತವ್ಯಯ ಒಗ್ಗಲಿಲ್ಲ. 'ಎಡ' ಎನ್ನಲು ಬಲಕ್ಕೆ ವಿರುದ್ಧವಾದದ್ದು, 'ಮಲ್‌ದೆಕ್‌ಸ್ತ್ರಾ'. 'ಗಿಡ್ಡ' ಎನ್ನಲು ಉದ್ದಕ್ಕೆ ವಿರುದ್ಧ, 'ಮಲ್ಲೋಂಗಾ'. ಒಂದು ಸಾಲಿನಲ್ಲಿ ಮೂರು 'ಮಲ್' ಬಂದರೆ ಛಂದಸ್ಸು ಮುಗ್ಗರಿಸದೆ ಏನು ಮಾಡೀತು? ಬುಡಾಪೆಸ್ಟಿನ ಕವಿ ಕಲೊಚಾಯ್ ಮತ್ತು ಅವರ ಜೊತೆಗಾರರು ಸಣ್ಣ ಸಣ್ಣ ಹೊಸ ಬೇರುಗಳನ್ನು ತಂದರು. (ಕಲೊಚಾಯ್ ಕೂಡ ವೈದ್ಯರು. ಈ ಕತೆಯಲ್ಲಿ ವೈದ್ಯರು ಯಾಕೋ ಹೆಚ್ಚು.) ಎಡಕ್ಕೆ 'ಲೀವಾ', ಮುದಿಗೆ 'ಓಲ್ಡಾ', ಗಿಡ್ಡಕ್ಕೆ 'ಕುರ್ತಾ', ನಮ್ಮ ಕುರ್ತಾದ ಉದ್ದ ನೋಡಿದರೆ ಈ ಕೊನೆಯದು ತಮಾಷೆಯೇ. 1932ರಲ್ಲಿ ಕಾವ್ಯದ ಕೈಪಿಡಿಯೊಂದಕ್ಕೆ ಇಂಥ ಪದಗಳ ಪಟ್ಟಿಯನ್ನೇ ಸೇರಿಸಿದರು. ಜಗಳ ಇನ್ನೂ ಮುಗಿದಿಲ್ಲ. ಸ್ವಿಟ್ಜರ್ಲೆಂಡಿನ ಕ್ಲೋಡ್ ಪಿರೋಂ, ವಿಶ್ವಸಂಸ್ಥೆಯಲ್ಲಿ ಅನುವಾದಕರಾಗಿದ್ದವರು, 1989ರಲ್ಲಿ ಒಂದು ಪುಸ್ತಕ ಬರೆದು, ಇರುವ ಬೇರುಗಳಿಂದ ಕಟ್ಟಿಕೊಳ್ಳುವುದರಲ್ಲೇ ಈ ಭಾಷೆಯ ಜೀವವಿದೆ, ಹೊಸ ಬೇರಿನ ಚಪಲ ಬೇಡ ಎಂದು ವಾದಿಸಿದರು. ನಾನು ಪಿರೋಂ ಪಕ್ಷ. ಕವಿಯಾಗಿದ್ದರೆ ಬೇರೆ ಮಾತು.

ಕಂಪ್ಯೂಟರ್ ಬಂದಾಗ ಇದೇ ಪರೀಕ್ಷೆ ಮತ್ತೆ ನಡೆಯಿತು. 'ಕೊಂಪುತೋರೊ' ಎಂದವರಿದ್ದರು, 'ಕೊಂಪುತೇರೊ' ಎಂದವರಿದ್ದರು. ಗೆದ್ದದ್ದು 'ಕೊಂಪುತೀಲೊ', ಲೆಕ್ಕ ಹಾಕುವ ಸಲಕರಣೆ. ಚಾಕು ಬಾಚಣಿಗೆಗಳಿಗೆ ಹಾಕಿದ ಅದೇ 'ಇಲ್'. ಮೊಬೈಲಿಗೆ 'ಪೋಶ್‌ತೆಲೆಫೋನೊ', ಜೇಬಿನ ಫೋನು. ಎಂಥ ಮನೆಮಾತು ನೋಡಿ! ನಾವು ಜಂಗಮವಾಣಿ ಎಂಬ ಗಂಭೀರ ಪದ ಕಟ್ಟಿ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಬಾಯಲ್ಲಿ ಮಾತ್ರ ಮೊಬೈಲ್ ಎಂದೇ ಉಳಿಸಿಕೊಂಡೆವು. ಬಾನುಲಿಯ ಹಣೆಬರಹವೂ ಅಷ್ಟೆ. ಎಷ್ಟು ಚಂದದ ಪದ, ಬಾನಿನ ಉಲಿ. ಕಾರ್ಯಕ್ರಮ ಪಟ್ಟಿಯಲ್ಲಿ ಇದು ಬಾನುಲಿ ಭಾಷಣ. ಮನೆಯಲ್ಲಿ ನೀವು ಹಾಕಿಕೊಂಡಿರುವುದು ರೇಡಿಯೋ. ಆದರೆ 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಮನೆಯಲ್ಲೇ ಶುರುಮಾಡಿದ ನಿಲಯಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆಲ್ಲ ಹಬ್ಬಿತು. ಅದು ಹೊಸ ಪದವಾಗಿರಲಿಲ್ಲ. ಪುರಾಣ ಕೇಳುತ್ತಾ ಬೆಳೆದವರಿಗೆಲ್ಲ ಮೊದಲೇ ಗೊತ್ತಿದ್ದ ಪದ.

ಯಾರೂ ಯೋಜಿಸದೆ ಹುಟ್ಟಿದ ಪದಗಳೂ ಎಸ್ಪೆರಾಂಟೊದಲ್ಲಿವೆ. ಎಸ್ಪೆರಾಂಟೊ ಸಭೆಗೆ ಬಂದು ತನ್ನ ಊರಿನವರ ಜೊತೆ ಮನೆಮಾತಿನಲ್ಲೇ ಹರಟುವವನನ್ನು ಅವರು 'ಮೊಸಳೆಯಾಡುತ್ತಿದ್ದಾನೆ' ಎನ್ನುತ್ತಾರೆ, 'ಕ್ರೊಕೊದೀಲಿ'. ಬೆಂಗಳೂರಿನ ಯಾವ ಆಫೀಸಿನ ಊಟದ ಹಾಲಿಗಾದರೂ ಒಪ್ಪುವ ಕ್ರಿಯಾಪದ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಕಬೇಯಿ'. ಕಾಝಿಮಿಯೆಝ್ ಬೇನ್ ಎಂಬ ಇನ್ನೊಬ್ಬ ಕಣ್ಣಿನ ಡಾಕ್ಟರು ಅದೇ ವಾರ್ಸಾದಲ್ಲಿದ್ದರು. 'ಕಾಬೆ' ಎಂಬುದು ಅವರ ಕಾವ್ಯನಾಮ. ಎಸ್ಪೆರಾಂಟೊ ಗದ್ಯ ಹೀಗಿರಬೇಕು ಎಂದು ತೋರಿಸಿಕೊಟ್ಟ ಅನುವಾದಕ. ಎಸ್ಪೆರಾಂಟೊ ಪದಗಳಿಗೆ ಎಸ್ಪೆರಾಂಟೊದಲ್ಲೇ ಅರ್ಥ ಹೇಳುವ ನಿಘಂಟನ್ನು ಮೊದಮೊದಲು ಮಾಡಿದವರಲ್ಲಿ ಅವರೂ ಒಬ್ಬರು. 1911ರಲ್ಲಿ, ಕೀರ್ತಿಯ ತುದಿಯಲ್ಲಿದ್ದಾಗ, ಇದ್ದಕ್ಕಿದ್ದಂತೆ ಎಲ್ಲವನ್ನೂ ಬಿಟ್ಟು ಹೊರಟುಹೋದರು. ಮತ್ತೆ ಈ ಭಾಷೆಯ ಕೆಲಸಕ್ಕೆ ಕೈ ಹಾಕಲಿಲ್ಲ. ಉಳಿದವರು ಸ್ವಲ್ಪ ಕಾಲ ಕಾದರು, ಆಮೇಲೆ ಅವರ ಹೆಸರಿಗೆ ಕ್ರಿಯಾಪದದ 'ಇ' ಹಚ್ಚಿದರು. 'ಕಬೇಯಿ' ಎಂದರೆ, ಹುರುಪಿನಿಂದ ದುಡಿಯುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಎಸ್ಪೆರಾಂಟೊ ಬಿಟ್ಟುಬಿಡುವುದು. ಈಗಿನ ದೊಡ್ಡ ನಿಘಂಟಿನಲ್ಲಿ ಅದಕ್ಕೆ ಜಾಗವಿದೆ. ಭೂತಕಾಲದಲ್ಲಿ ಕೊನೆಗೆ 'ಇಸ್' ಬರುತ್ತದೆ, ಭವಿಷ್ಯತ್ತಿನಲ್ಲಿ 'ಓಸ್', ಉಳಿದ ಕ್ರಿಯಾಪದಗಳ ಹಾಗೆಯೇ. ಅಪವಾದವೇನೂ ಇಲ್ಲ.